ಶಿಲೆಯೂ ಶಾಸನವೂ: ಬೆಂಗಳೂರಿನ ಪೂರ್ವಭಾಗವನ್ನು ಆಧರಿಸಿ ಭೂಗರ್ಭಶಾಸ್ತ್ರ ಮತ್ತು ಚರಿತ್ರೆಗಳ ಕಾಲೇಜು ವ್ಯಾಸಂಗ

೧. ಪೀಠಿಕೆ

ನಮ್ಮ ಕಾಲೇಜುಗಳಲ್ಲಿ ಭೂಗರ್ಭಶಾಸ್ತ್ರವು ವಿಜ್ಞಾನದ ವಿದ್ಯಾರ್ಥಿಗಳಿಗೂ ಚರಿತ್ರೆಯು ಕಲಾಶಾಖೆಯ ವಿದ್ಯಾರ್ಥಿಗಳಿಗೂ ಮೀಸಲಾದ ವಿಷಯಗಳೆಂಬ ವಿಭಾಗಕ್ರಮವು ಬಹುಕಾಲದಿಂದ ನಡೆದುಬಂದಿರುವುದು. ಒಬ್ಬನು ಭೌತಶಾಸ್ತ್ರ, ರಸಾಯನಶಾಸ್ತ್ರ ಮೊದಲಾದವುಗಳೊಡನೆ ಶಿಲೆಗಳನ್ನು ಕುರಿತು ಓದುತ್ತಾನೆ. ಮತ್ತೊಬ್ಬನು ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳೊಡನೆ ರಾಜವಂಶಗಳನ್ನು ಕುರಿತು ಓದುತ್ತಾನೆ. ಈ ಇಬ್ಬರನ್ನೂ ಒಂದು ಶಾಸನದ ಕಲ್ಲಿನ ಮುಂದೆ ನಿಲ್ಲಿಸಿದರೆ ಮೊದಲನೆಯವನು ಬರಹವನ್ನು ಬಿಟ್ಟು ಕಲ್ಲನ್ನು ನೋಡುವನು. ಎರಡನೆಯವನು ಕಲ್ಲನ್ನು ಬಿಟ್ಟು ಬರಹವನ್ನು ನೋಡುವನು. ಇಬ್ಬರಿಗೂ ತಮ್ಮ ಮುಂದಿರುವ ವಸ್ತುವಿನ ಅರ್ಧ ಮಾತ್ರ ದೊರೆಯುವುದು.

ಈ ಎರಡು ವಿದ್ಯೆಗಳೂ ಪದವಿಯ ಮೊದಲ ತರಗತಿಗಳಲ್ಲಿಯೇ ಒಂದನ್ನೊಂದು ಹೇಗೆ ಬೆಳಗಬಲ್ಲುವು ಎಂಬುದನ್ನು ನಮಗೆ ಸಮೀಪದಲ್ಲಿರುವ ಒಂದು ಪ್ರದೇಶದ ನಿದರ್ಶನದಿಂದ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಆ ಪ್ರದೇಶವು ಬೆಂಗಳೂರಿನ ದಂಡೂ ಅದರ ಪೂರ್ವಕ್ಕಿರುವ ಹಲಸೂರು, ದೊಮ್ಮಲೂರು, ವಿಭೂತಿಪುರ, ಕೃಷ್ಣರಾಜಪುರ, ಕಾಡುಗೋಡಿಗಳ ನೆಲವೂ ಆಗಿರುವುದು. ಈ ಭಾಗದಲ್ಲಿ ೧೮೦೯ರಲ್ಲಿ ದಂಡು ನೆಲೆಗೊಂಡ ಮೇಲಿನ ಚರಿತ್ರೆಯೇ ಜನರ ನೆನಪಿನಲ್ಲಿ ಹೆಚ್ಚಾಗಿ ಉಳಿದಿದೆ. ಆದರೆ ಈ ನೆಲದಲ್ಲಿ ದಂಡಿಗಿಂತ ಒಂಬೈನೂರು ವರ್ಷಗಳಷ್ಟು ಹಿಂದಿನ ಬರಹವಿದೆ. ಆ ಬರಹವನ್ನು ಹೊತ್ತ ಕಲ್ಲಾದರೋ ಎಲ್ಲ ಚರಿತ್ರೆಗಳಿಗಿಂತಲೂ ಹಿಂದಿನದು.

೨. ಎರಡು ವಿದ್ಯೆಗಳ ಪೂರ್ವಸಂಬಂಧ

ಈ ವಿದ್ಯೆಗಳು ನಮ್ಮ ನಾಡಿನಲ್ಲಿ ಮೊದಲಿನಿಂದಲೂ ಬೇರೆಯಾಗಿದ್ದುವೆಂದು ಎಣಿಸುವುದು ಸರಿಯಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ೧೮೬೫ರಲ್ಲಿ ಸ್ಥಾಪಿಸಿದ ಎಡ್ವರ್ಡ್ ಬಾಲ್ಫೋರನು ವೃತ್ತಿಯಿಂದ ವೈದ್ಯನು. ಅದು ಮೊದಲು ದಂಡಿನ ಹಳೆಯ ಸೆರೆಮನೆಯ ಕಟ್ಟಡದಲ್ಲಿದ್ದು, ೧೮೭೭ರಲ್ಲಿ ಈಗ ಕಸ್ತೂರಬಾ ರಸ್ತೆಯೆನಿಸಿಕೊಂಡಿರುವಲ್ಲಿನ ಕಟ್ಟಡಕ್ಕೆ ಬಂದಿತು. ಮ್ಯೂಸಿಯಂ ರಸ್ತೆಯೆಂಬ ಹೆಸರು ಆ ಮೊದಲ ನೆಲೆಯ ಗುರುತಾಗಿ ಇಂದಿಗೂ ಉಳಿದಿದೆ. ಬೇಗೂರಿನಿಂದ ತಂದ, ನಾಗತ್ತರನ ಯುದ್ಧವನ್ನು ಚಿತ್ರಿಸುವ ಗಂಗರ ಕಾಲದ ಪ್ರಸಿದ್ಧ ವೀರಗಲ್ಲು ಈ ಸಂಗ್ರಹಾಲಯದಲ್ಲಿಯೇ ಇದೆ.

ಶಾಸನಗಳ ವಿಷಯದಲ್ಲಿ ಬಿ. ಎಲ್. ರೈಸರ ಹೆಸರನ್ನು ಅರಿಯದ ವಿದ್ವಾಂಸರಿಲ್ಲ. ಅವರು ಶಾಸನಕಾರ್ಯಕ್ಕೆ ಬರುವ ಮೊದಲು ಬೆಂಗಳೂರಿನಲ್ಲಿ ಅಧ್ಯಾಪಕರಾಗಿದ್ದವರು. ಮುಂದೆ ಸೆಂಟ್ರಲ್ ಕಾಲೇಜೆನಿಸಿದ ಹೈಸ್ಕೂಲಿನ ಮುಖ್ಯಸ್ಥರಾಗಿದ್ದವರು. ಬೆಂಗಳೂರು ಜಿಲ್ಲೆಯ ಶಾಸನಗಳನ್ನೊಳಗೊಂಡ 'ಎಪಿಗ್ರಾಫಿಯಾ ಕರ್ನಾಟಿಕಾ' ಒಂಬತ್ತನೆಯ ಸಂಪುಟವು ೧೯೦೫ರಲ್ಲಿ ಪ್ರಕಟವಾಯಿತು. ಭೂಗರ್ಭಶಾಸ್ತ್ರದ ಕಡೆಯಲ್ಲಿ ಮೈಸೂರು ಸಂಸ್ಥಾನದ ಭೂಗರ್ಭಶಾಖೆಯು ೧೮೯೪ರಲ್ಲಿ ಏರ್ಪಟ್ಟಿತು. ಅದಕ್ಕೆ ಮೊದಲು ಮುಖ್ಯಸ್ಥನಾಗಿದ್ದ ರಾಬರ್ಟ್ ಬ್ರೂಸ್ ಫೂಟನು ಶಿಲೆಗಳನ್ನು ಪರೀಕ್ಷಿಸಲು ಹೊರಟು ಆದಿಮಾನವನ ಕಲ್ಲಿನ ಆಯುಧಗಳನ್ನು ಕಂಡುಹಿಡಿದವನು. ೧೮೬೩ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಆತನಿಗೆ ದೊರೆತ ಹಳೆಯ ಶಿಲಾಯುಗದ ಆಯುಧದಿಂದಲೇ ಭಾರತದ ಪ್ರಾಗಿತಿಹಾಸದ ಶೋಧನೆಯು ಆರಂಭವಾಯಿತೆಂದು ಹೇಳುವುದುಂಟು. ಆಯುಧವು ಯಾವ ಪದರದಲ್ಲಿ ಸಿಕ್ಕಿತೆಂಬುದನ್ನು ಗಮನಿಸುವ ಅಭ್ಯಾಸವು ಆತನಿಗೆ ಭೂಗರ್ಭಶಾಸ್ತ್ರದಿಂದ ಬಂದುದು. ಅನಂತರ ಡಾ. ಎಂ. ಎಚ್. ಕೃಷ್ಣ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆಯ ಪ್ರಾಧ್ಯಾಪಕರೂ ಪುರಾತತ್ತ್ವ ಶಾಖೆಯ ನಿರ್ದೇಶಕರೂ ಆಗಿದ್ದು, ಚಂದ್ರವಳ್ಳಿ ಬ್ರಹ್ಮಗಿರಿಗಳಲ್ಲಿ ಭೂಶೋಧನೆ ನಡೆಸಿದರು. ಪಾಠದ ಕೊಠಡಿಯೂ ಅಗೆದ ಗುಂಡಿಯೂ ಒಬ್ಬರ ಹೊಣೆಯಲ್ಲಿಯೇ ಇದ್ದುದಕ್ಕೆ ಇದು ಉತ್ತಮ ನಿದರ್ಶನವು.

೩. ನೆಲದ ಸ್ವರೂಪ

ಬೆಂಗಳೂರು ಸಮುದ್ರಮಟ್ಟಕ್ಕೆ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಊರು. ಅದರ ನಡುವೆ ಹೆಚ್ಚುಕಡಮೆ ಉತ್ತರದಿಂದ ದಕ್ಷಿಣಕ್ಕೆ ಒಂದು ದಿಣ್ಣೆಯು ಹಾದುಹೋಗುತ್ತದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆಯು ವೃಷಭಾವತಿಯ ಮೂಲಕ ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುವುದು. ಪೂರ್ವಕ್ಕೆ ಬಿದ್ದುದು ದಕ್ಷಿಣ ಪಿನಾಕಿನಿಗೆ ಇಳಿಯುವುದು. ಪೂರ್ವದ ನೀರಿಗೆ ಮುಖ್ಯವಾಗಿ ಎರಡು ಕಣಿವೆಗಳುಂಟು. ಹೆಬ್ಬಾಳದ ಕಣಿವೆಯು ನಾಗವಾರ, ಕಲ್ಕೆರೆಗಳ ಮೂಲಕ ಕೃಷ್ಣರಾಜಪುರದ ಆಚೆಯ ಎಲೆಮಲ್ಲಪ್ಪಶೆಟ್ಟಿ ಕೆರೆಯ ಕಡೆಗೆ ಸಾಗುವುದು. ಕೋರಮಂಗಲ–ಚಲ್ಲಘಟ್ಟದ ಕಣಿವೆಯು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ಹೋಗುವುದು. ಹಲಸೂರು ಕೆರೆಯ ಕೋಡಿಯ ನೀರು ಈ ಎರಡನೆಯದಕ್ಕೆ ಸೇರಿದುದು.

ಈ ನೆಲದ ಅಡಿಪಾಯವು ಭೂವಿಜ್ಞಾನಿಗಳು 'ಪೆನಿನ್ಸ್ಯುಲರ್ ನೈಸ್' ಎಂದು ಕರೆಯುವ ಶಿಲೆ. ಕಪ್ಪು ಬಿಳುಪಿನ ಪಟ್ಟೆಗಳು ಬಳುಕಿ ಹರಿದಂತೆ ಕಾಣುವ ಈ ಕಲ್ಲನ್ನು ಲಾಲ್‌ಬಾಗಿನ ಬಂಡೆಯಲ್ಲಿ ಯಾರಾದರೂ ನೋಡಬಹುದು. ಆ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಇದರ ವಯಸ್ಸು ಸುಮಾರು ೨೫೦ ಕೋಟಿಯಿಂದ ೩೪೦ ಕೋಟಿ ವರ್ಷಗಳವರೆಗೆ ಎಂದು ಗಣಿಸಿರುವರು. ಈ ಕಲ್ಲಿನ ಕಣಗಳ ನಡುವೆ ನೀರು ನಿಲ್ಲಲು ಎಡೆಯಿಲ್ಲ. ಮೇಲ್ಭಾಗದಲ್ಲಿ ಅದು ಶಿಥಿಲವಾಗಿ ಗರಸು ಮಣ್ಣಾಗಿರುವಲ್ಲಿಯೂ, ಕೆಳಗೆ ಬಿರುಕುಗಳಿರುವಲ್ಲಿಯೂ ಮಾತ್ರ ಅಂತರ್ಜಲವು ನಿಲ್ಲುವುದು. ವರ್ಷಕ್ಕೆ ಸುಮಾರು ೯೦೦ ಮಿಲಿಮೀಟರಿನಷ್ಟು ಮಳೆಯಾದರೂ, ದೊಡ್ಡ ನದಿಯಿಲ್ಲದ ಈ ದಿಣ್ಣೆಯಲ್ಲಿ ಅದರ ಬಹುಭಾಗವು ಕೆಲವೇ ತಿಂಗಳುಗಳಲ್ಲಿ ಸುರಿದು ಇಳಿದುಹೋಗುವುದು. ತಡೆದು ನಿಲ್ಲಿಸಿದ ನೀರೇ ಇಲ್ಲಿ ಬೇಸಾಯಕ್ಕೆ ಆಧಾರವು. ಕಣಿವೆಗಳು ಆಳವಿಲ್ಲದೆ ಅಗಲವಾಗಿ ಇಳಿಜಾರಾಗಿರುವುದರಿಂದ ಒಂದು ಊರಿನ ಜನರೇ ಕೂಡಿ ಮಣ್ಣಿನ ಏರಿಯೊಂದನ್ನು ಹಾಕಿ ಕೆರೆಯನ್ನು ಕಟ್ಟಿಕೊಳ್ಳುವುದು ಸಾಧ್ಯವಾಯಿತು. ಇಲ್ಲಿಯವರೆಗಿನದು ಭೂಗರ್ಭಶಾಸ್ತ್ರದ ಪಾಠ. ಆ ಏರಿಯನ್ನು ಯಾರು, ಯಾವಾಗ, ಯಾವ ಪ್ರತಿಫಲಕ್ಕಾಗಿ ಹಾಕಿದರೆಂಬುದನ್ನು ಹೇಳಬೇಕಾದುದು ಚರಿತ್ರೆ.

೪. ಕೆರೆಗಳ ಶಾಸನಗಳು

ಈ ಪ್ರಶ್ನೆಗೆ ಪೂರ್ವ ಆಗ್ನೇಯ ಭಾಗಗಳ ಮೂರು ಶಾಸನಗಳು ಒಂದರ ಹಿಂದೊಂದಾಗಿ ಉತ್ತರ ಕೊಡುತ್ತವೆ. ಅಗರದಲ್ಲಿರುವ, ಕ್ರಿ. ಶ. ೮೭೦ರ ಸುಮಾರಿನ ಗಂಗರ ಕಾಲದ ಶಾಸನವು ಎರಡು ಕೆರೆಗಳಿಗೆ ತೂಬನ್ನಿಡಿಸಿ, ಮೂರನೆಯದೊಂದು ಕೆರೆಯನ್ನು ಕಟ್ಟಿಸಿದವನು ಅವುಗಳ ಬಿತ್ತುವಟ್ಟವನ್ನು ಪಡೆದನೆಂದು ತಿಳಿಸುವುದು. ಕಾಡುಗೋಡಿಯ ಕ್ರಿ. ಶ. ೧೦೪೩ರ ಶಾಸನವು ರಾಜೇಂದ್ರಚೋಳನ ಆಳ್ವಿಕೆಯದು. ಪಟ್ಟಂದೂರಿನ ಕೆರೆಯನ್ನು ತೋಡಿಸಿ ತೂಬುಗಳನ್ನು ಕಟ್ಟಿಸಿದುದನ್ನೂ ದೇವತೆಗಳನ್ನು ಪ್ರತಿಷ್ಠಿಸಿದುದನ್ನೂ ಅದು ಹೇಳುವುದು. ವಿಭೂತಿಪುರದ ಕ್ರಿ. ಶ. ೧೩೦೭ರ ಶಾಸನವು ಹೊಯ್ಸಳ ಮೂರನೆಯ ವೀರಬಲ್ಲಾಳನ ಕಾಲದ್ದು. ಕಾಡನ್ನು ಕಡಿದು, ನೆಲವನ್ನು ಸಮಮಾಡಿ, ಕೆರೆಯನ್ನೂ ಊರನ್ನೂ ನಿರ್ಮಿಸಿದ ಬಗೆಯನ್ನು ಅದು ತಿಳಿಸುವುದು.

ಮೂರು ರಾಜವಂಶಗಳು, ನಾಲ್ಕು ಶತಮಾನಗಳಿಗೂ ಮಿಕ್ಕ ಕಾಲ. ಕೆಲಸ ಮಾತ್ರ ಒಂದೇ. ರಾಜವಂಶಗಳ ಕ್ರಮದಲ್ಲಿಯೇ ಚರಿತ್ರೆಯನ್ನು ಓದಿದ ವಿದ್ಯಾರ್ಥಿಗೆ ಗಂಗರು, ಚೋಳರು, ಹೊಯ್ಸಳರು ಮೂರು ಬೇರೆ ಬೇರೆ ಅಧ್ಯಾಯಗಳಾಗಿ ತೋರುವರು. ನೆಲದ ಸ್ವರೂಪವನ್ನು ಬಲ್ಲವನಿಗೆ ಈ ಮೂರರ ಹಿಂದೆಯೂ ಬದಲಾಗದ ಒಂದು ಅಗತ್ಯವು ಕಾಣುವುದು. 'ಬಿತ್ತುವಟ್ಟ'ವೆಂಬ ಪದವು ಸಾಹಿತ್ಯದ ಅಧ್ಯಾಪಕರಿಗೂ ಆಸಕ್ತಿಯನ್ನುಂಟುಮಾಡತಕ್ಕುದು. ಕೆರೆಯನ್ನು ಕಟ್ಟಿಸಿದವನಿಗೆ ಅದರ ಕೆಳಗಣ ಭೂಮಿಯಲ್ಲಿ ಕೊಟ್ಟ ಹಕ್ಕನ್ನು ಅದು ಸೂಚಿಸುವುದು. ಏರಿಯ ಕೆಳಗಿನ ನೆಲಕ್ಕೆ ಏಕೆ ಅಷ್ಟು ಬೆಲೆಯೆಂಬುದು ಶಾಸನದಿಂದ ತಿಳಿಯದು. ತೂಬಿನಿಂದ ಬರುವ ನೀರಲ್ಲದೆ ಏರಿಯ ಅಡಿಯಲ್ಲಿ ಗರಸಿನ ಮೂಲಕ ಜಿನುಗುವ ನೀರೂ ಆ ಅಚ್ಚುಕಟ್ಟಿನ ಬಾವಿಗಳನ್ನು ಬತ್ತದಂತೆ ಕಾಪಾಡುವುದೆಂದು ಭೂಗರ್ಭಶಾಸ್ತ್ರವು ತಿಳಿಸಿದಾಗ ಆ ಪದದ ತೂಕವು ಗೊತ್ತಾಗುವುದು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ವಿಭೂತಿಪುರದ ಶಾಸನವೂ, ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ಹೊಯ್ಸಳರ ಕಾಲದ ಶಾಸನಗಳೂ ತಮಿಳಿನಲ್ಲಿವೆ. ದೊಮ್ಮಲೂರಿಗೆ ಅವುಗಳಲ್ಲಿ ತೊಂಬಲೂರೆಂಬ ಹೆಸರು ಕಾಣುವುದು. ಈ ಭಾಗದ ತಮಿಳು ದಂಡಿನೊಡನೆ ಬಂದುದೆಂಬ ಸಾಮಾನ್ಯ ನಂಬಿಕೆಯನ್ನು ಈ ಕಲ್ಲುಗಳು ತಿದ್ದುತ್ತವೆ. ಕನ್ನಡದ ಹಳೆಯ ಶಾಸನಗಳೂ ತಮಿಳಿನವೂ ಒಂದೇ ಕಣಿವೆಯಲ್ಲಿ ಒಂದೇ ಕೆಲಸವನ್ನು ದಾಖಲಿಸಿರುವುವೆಂಬುದನ್ನು ವಿದ್ಯಾರ್ಥಿಯು ಇಲ್ಲಿ ಸ್ವತಃ ಕಾಣಬಹುದು.

೫. ಕಾಲವನ್ನು ಗಣಿಸುವ ಬಗೆ

ಎರಡು ವಿದ್ಯೆಗಳ ವಿಧಾನದಲ್ಲಿಯೂ ಸಾಮ್ಯವಿದೆ. ಭೂಗರ್ಭಶಾಸ್ತ್ರದಲ್ಲಿ ಕಾಲನಿರ್ಣಯವು ಎರಡು ಬಗೆ: ಒಂದು ಮತ್ತೊಂದಕ್ಕಿಂತ ಹಿಂದಿನದೋ ಮುಂದಿನದೋ ಎಂದು ತಿಳಿಯುವುದು ಸಾಪೇಕ್ಷ ನಿರ್ಣಯ, ಇಷ್ಟು ವರ್ಷಗಳೆಂದು ಹೇಳುವುದು ನಿರಪೇಕ್ಷ ನಿರ್ಣಯ. ಪದರಗಳಲ್ಲಿ ಕೆಳಗಿನದು ಹಳೆಯದೆಂಬುದೂ, ಬೇರೊಂದು ಶಿಲೆಯನ್ನು ಸೀಳಿಕೊಂಡು ಬಂದ ಶಿಲೆಯು ಸೀಳಿಸಿಕೊಂಡುದಕ್ಕಿಂತ ಹೊಸದೆಂಬುದೂ ಮೊದಲನೆಯ ಬಗೆಯ ಸೂತ್ರಗಳು. ಬೆಂಗಳೂರಿನ ನೈಸ್ ಶಿಲೆಯ ನಡುವೆ ಕಪ್ಪು ಡಾಲರೈಟ್ ಶಿಲೆಯು ಗೋಡೆಯಂತೆ ಹಾದುಹೋಗಿರುವಲ್ಲಿ, ಎರಡನೆಯ ಸೂತ್ರವನ್ನು ಕಣ್ಣಾರೆ ಕಾಣಬಹುದು. ನಿರಪೇಕ್ಷ ನಿರ್ಣಯಕ್ಕೆ ಜಿರ್ಕಾನ್ ಎಂಬ ಖನಿಜದ ಹರಳಿನಲ್ಲಿ ಯುರೇನಿಯಮ್ ಎಷ್ಟು ಪಾಲು ಸೀಸವಾಗಿ ಮಾರ್ಪಟ್ಟಿದೆಯೆಂದು ಅಳೆಯುವರು. ಯುರೇನಿಯಮ್-೨೩೮ರಲ್ಲಿ ಅರ್ಧವು ಮಾರ್ಪಡಲು ಸುಮಾರು ೪೪೭ ಕೋಟಿ ವರ್ಷಗಳು ಬೇಕು.

ಶಾಸನಗಳಲ್ಲಿಯೂ ಹೀಗೆಯೇ. ಶಕವರ್ಷವನ್ನು ಹೇಳಿರುವ ಶಾಸನಕ್ಕೆ ೭೮ನ್ನು ಕೂಡಿಸಿದರೆ ಸರಿಸುಮಾರಾಗಿ ಕ್ರಿಸ್ತವರ್ಷವು ದೊರೆಯುವುದು, ಇದು ನಿರಪೇಕ್ಷ. ವರ್ಷವಿಲ್ಲದ ಶಾಸನಕ್ಕೆ ಅಕ್ಷರಗಳ ರೂಪವನ್ನೂ ಹೇಳಿರುವ ರಾಜನ ಹೆಸರನ್ನೂ ಹಿಡಿದು ಕಾಲವನ್ನು ಊಹಿಸಬೇಕು. ೨೦೧೮ರಲ್ಲಿ ಬೆಳಕಿಗೆ ಬಂದ ಹೆಬ್ಬಾಳದ ಕಿತ್ತಯ್ಯನ ಕಲ್ಲಿಗೆ ಕ್ರಿ. ಶ. ೭೫೦ರ ಸುಮಾರೆಂದು ಕಾಲವನ್ನು ಕೊಟ್ಟಿರುವುದು ಈ ರೀತಿಯಲ್ಲಿಯೇ. ಅದರಲ್ಲಿ ಗಂಗ ಶ್ರೀಪುರುಷನ ಆಳ್ವಿಕೆಯು ಉಕ್ತವಾಗಿದೆ. ಹಳೆಯ ಶಿಲ್ಪದ ಮೇಲೆ ಕೊರೆದ ಬರಹವು ಶಿಲ್ಪಕ್ಕಿಂತ ಹೊಸದೆಂಬ ನಿಯಮವು ಡಾಲರೈಟಿನ ನಿಯಮವೇ ಆಗಿರುವುದು. ಹಲಸೂರಿನ ಸೋಮೇಶ್ವರ ದೇವಾಲಯದಂತೆ ಹಲವು ಕಾಲಗಳಲ್ಲಿ ಬೆಳೆದ ಕಟ್ಟಡದಲ್ಲಿ ಯಾವ ಗೋಡೆಯು ಯಾವುದಕ್ಕೆ ಒತ್ತಿ ನಿಂತಿದೆಯೆಂದು ನೋಡುವವನೂ ಇದನ್ನೇ ಅನುಸರಿಸುವನು. ಈ ನ್ಯಾಯವನ್ನು ಒಮ್ಮೆ ಬಂಡೆಯಲ್ಲಿ ಕಲಿತ ವಿದ್ಯಾರ್ಥಿಗೆ ಗೋಡೆಯಲ್ಲಿ ಮತ್ತೆ ಕಲಿಸಬೇಕಾಗಿಲ್ಲ.

೬. ಕಲ್ಲನ್ನು ಮರೆತ ಚರಿತ್ರೆ

ಒಂದು ವಿದ್ಯೆಯು ಮತ್ತೊಂದನ್ನು ಮರೆತಾಗ ಉಂಟಾಗುವ ತಪ್ಪುಗಳಿಗೂ ಉದಾಹರಣೆಗಳನ್ನು ಕೊಡುವುದು ಉಚಿತ. ದೊಮ್ಮಲೂರಿನ ದೇವಾಲಯವನ್ನು ನೋಡಿದ ವಿದ್ಯಾರ್ಥಿಯು ಬೇಲೂರು ಹಳೆಯಬೀಡುಗಳನ್ನು ನೆನೆದು, ಹೊಯ್ಸಳರ ಶಿಲ್ಪವು ಈ ಕಡೆಯಲ್ಲಿ ಕುಗ್ಗಿತೆಂದೋ, ಇಲ್ಲಿಯ ಶಿಲ್ಪಿಗಳು ಕಡಮೆಯವರೆಂದೋ ಬರೆಯುವುದುಂಟು. ಬೇಲೂರಿನ ದೇವಾಲಯಕ್ಕೆ ಬಳಸಿದುದು ಬಳಪದ ಕಲ್ಲಿನ ಜಾತಿಗೆ ಸೇರಿದ ಮೃದುಶಿಲೆ; ಅದರಲ್ಲಿ ಸಣ್ಣ ಉಳಿಯಿಂದ ಬಳೆ ಸರಗಳ ಎಸಳನ್ನೂ ಬಿಡಿಸಬಹುದು. ಬೆಂಗಳೂರಿನ ಸುತ್ತ ಅಂತಹ ಶಿಲೆಯು ಧಾರಾಳವಾಗಿ ದೊರೆಯದು. ಇಲ್ಲಿರುವುದು ಬೆಣಚು ಮತ್ತು ಫೆಲ್ಡ್‌ಸ್ಪಾರುಗಳ ದಪ್ಪ ಕಣಗಳುಳ್ಳ ಕಠಿನಶಿಲೆ. ಉಳಿಯ ಏಟಿಗೆ ಕಣವು ಪೂರ್ತಿಯಾಗಿ ಕಿತ್ತುಬರುವುದು. ಆದುದರಿಂದ ಇಲ್ಲಿಯ ಶಿಲ್ಪಿಯು ದೊಡ್ಡ ರೇಖೆಗಳನ್ನೂ ಸರಳವಾದ ಕಂಬಗಳನ್ನೂ ಆರಿಸಿಕೊಂಡನು. ರಾಜ್ಯವೊಂದೇ ಆದರೂ ಕಲ್ಲು ಬೇರೆ. ಕೈಚಳಕದ ತಾರತಮ್ಯವನ್ನು ಹೇಳುವ ಮೊದಲು ಕಲ್ಲಿನ ತಾರತಮ್ಯವನ್ನು ಅರಿಯಬೇಕು.

ವೀರಗಲ್ಲುಗಳ ಆಕಾರಕ್ಕೂ ಇದೇ ಕಾರಣವುಂಟು. ಬೋಳುಬಂಡೆಗಳು ಮೇಲ್ಮೈಗೆ ಸಮಾನಾಂತರವಾಗಿ ಪದರುಪದರಾಗಿ ಬಿಡುತ್ತವೆ. ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಹಾಕಿ, ಮೇಲಿನ ಪದರವು ಕಾದು ಹಿಗ್ಗಿ ಕೆಳಗಿನದರಿಂದ ಬಿಡುವಂತೆ ಮಾಡಿ, ಬಳಿಕ ಬೆಣೆಗಳಿಂದ ಸೀಳಿ ಚಪ್ಪಡಿಗಳನ್ನು ತೆಗೆಯುತ್ತಿದ್ದರು. ಬರಹವನ್ನು ಓದುವಾಗಲೂ ಈ ತಿಳಿವಳಿಕೆಯು ಬೇಕು. ಕಪ್ಪು ಅಭ್ರಕದ ಕಣಗಳು ಮಳೆಗಾಳಿಗೆ ಸವೆದು ಉಳಿದ ಸಣ್ಣ ಗುಳಿಯನ್ನು ಅನುಸ್ವಾರವೆಂದು ಓದಿಬಿಡುವ ಸಂಭವವಿದೆ. ಕಲ್ಲಿನ ಸಹಜವಾದ ಪಟ್ಟೆಯು ಅಕ್ಷರದ ಗೆರೆಯಂತೆ ತೋರುವ ಸಂಭವವೂ ಇದೆ. ಪಾಠನಿರ್ಣಯಕ್ಕೆ ಹೊರಟವನು ಕಲ್ಲು ತಾನಾಗಿ ಬರೆದುದನ್ನೂ ಮನುಷ್ಯನು ಬರೆದುದನ್ನೂ ಬೇರ್ಪಡಿಸಬಲ್ಲವನಾಗಿರಬೇಕು.

೭. ಚರಿತ್ರೆಯನ್ನು ಮರೆತ ಭೂಗರ್ಭಶಾಸ್ತ್ರ

ಇದಕ್ಕೆ ಪ್ರತಿಯಾದ ದೋಷವು ಹೆಚ್ಚು ಹಾನಿಕರವಾದುದು. ದಂಡಿನ ಶೂಲೆ ಕೆರೆಯಿದ್ದಲ್ಲಿ ಈಗ ಕಾಲ್ಚೆಂಡಿನ ಕ್ರೀಡಾಂಗಣವಿದೆ. ಅಕ್ಕಿತಿಮ್ಮನಹಳ್ಳಿಯ ಕೆರೆಯು ಹಾಕಿಯ ಮೈದಾನವಾಯಿತು. ಚಲ್ಲಘಟ್ಟದ ಕೆರೆಯು ಗಾಲ್ಫ್ ಮೈದಾನವಾಯಿತು. ಇಂತಹ ಸ್ಥಳಗಳಲ್ಲಿ ಗುಂಡಿ ತೋಡಿದರೆ ಮೇಲೆ ತುಂಬಿದ ಮಣ್ಣೂ, ಅದರ ಕೆಳಗೆ ಕೆರೆಯಂಗಳದ ಜಿಗಟಾದ ಹೂಳೂ, ಅದರ ಕೆಳಗೆ ಗರಸೂ ಸಿಕ್ಕುವುವು. ಹಳೆಯ ಭೂಪಟವನ್ನೂ ಊರಿನ ಹೆಸರನ್ನೂ ಕಂದಾಯದ ಲೆಕ್ಕವನ್ನೂ ನೋಡದೆ ನೆಲದ ಪರೀಕ್ಷೆಯನ್ನು ಮಾಡುವವನು ಆ ಹೂಳನ್ನು ಸ್ವಾಭಾವಿಕವಾದ ಮಣ್ಣೆಂದು ಬಗೆದಾನು.

ಇದು ತರಗತಿಯೊಳಗಿನ ವಾದ ಮಾತ್ರವಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಣ ಪ್ರದೇಶವು ಮಳೆನೀರಿನಲ್ಲಿ ಮುಳುಗಿತು. ೨೦೨೪ರ ಬೇಸಗೆಯಲ್ಲಿ ನಗರದ ಪೂರ್ವಭಾಗದ ಅನೇಕ ಬಡಾವಣೆಗಳಲ್ಲಿ ಕೊಳವೆ ಬಾವಿಗಳು ಬತ್ತಿ ಜನರು ನೀರಿಗೆ ಪರದಾಡಿದರು. ಎರಡು ವರ್ಷಗಳ ಅಂತರದಲ್ಲಿ ಒಂದೇ ದಿಕ್ಕಿನ ನೆಲದಲ್ಲಿ ಅತಿವೃಷ್ಟಿಯ ಕಷ್ಟವೂ ನೀರಿಲ್ಲದ ಕಷ್ಟವೂ ಉಂಟಾದುವು. ನೀರನ್ನು ಹೀರದ ಶಿಲೆಯ ಮೇಲೆ ಒಂದರ ಕೋಡಿಯು ಮತ್ತೊಂದರ ಅಂಗಳಕ್ಕೆ ಬೀಳುವಂತೆ ಏರ್ಪಟ್ಟಿದ್ದ ಕೆರೆಗಳ ಸಾಲನ್ನು ಅರಿತವರಿಗೆ ಈ ಎರಡು ಕಷ್ಟಗಳು ಒಂದೇ ಮೂಲದವೆಂದು ತಿಳಿಯುವುದು ಕಷ್ಟವಲ್ಲ. ಕೊಳವೆ ಬಾವಿಯು ಎಷ್ಟು ಆಳಕ್ಕೆ ಹೋದರೂ ಬಿರುಕು ಸಿಕ್ಕದಿದ್ದಲ್ಲಿ ಒಣಕಲ್ಲನ್ನೇ ಮುಟ್ಟುವುದು. ಬಿರುಕಿಗೆ ಮೇಲಿನಿಂದ ನೀರನ್ನು ಇಳಿಸುತ್ತಿದ್ದುದು ಶಿಥಿಲವಾದ ಗರಸೂ ಅದರ ಮೇಲಿನ ಕೆರೆಯೂ.

೮. ಪಾಠಕ್ರಮದ ವಿಚಾರ

ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿಯೂ ಬೆಂಗಳೂರು ವಿಶ್ವವಿದ್ಯಾನಿಲಯವು ೧೯೬೪ರಲ್ಲಿಯೂ ಸ್ಥಾಪಿತವಾದುವು. ದಂಡಿನ ಪ್ರದೇಶದಲ್ಲಿ ಸೇಂಟ್ ಜೋಸೆಫ್ ಕಾಲೇಜು ೧೮೮೨ರಿಂದಲೂ ಮೌಂಟ್ ಕಾರ್ಮೆಲ್ ಕಾಲೇಜು ೧೯೪೮ರಿಂದಲೂ ನಡೆದುಬಂದಿವೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ೨೦೨೧-೨೨ರಲ್ಲಿ ಕರ್ನಾಟಕದ ಪದವಿ ತರಗತಿಗಳಲ್ಲಿ ಹೊಸ ಕ್ರಮವು ಜಾರಿಗೆ ಬಂದು, ಒಂದು ಶಾಖೆಯ ವಿದ್ಯಾರ್ಥಿಯು ಮತ್ತೊಂದು ಶಾಖೆಯ ವಿಷಯವನ್ನು ಮುಕ್ತ ಐಚ್ಛಿಕವಾಗಿ ತೆಗೆದುಕೊಳ್ಳಲು ಅವಕಾಶವಾಯಿತು. ೨೦೨೪-೨೫ರಿಂದ ಸರ್ಕಾರವು ಮೂರು ವರ್ಷದ ಪದವಿಕ್ರಮಕ್ಕೆ ಮರಳಿತು. ಕ್ರಮಗಳು ಹೀಗೆ ಬದಲಾಗುತ್ತಿದ್ದರೂ ಒಂದು ಮಾತು ಸ್ಥಿರವಾಗಿದೆ: ಎರಡು ವಿಷಯಗಳನ್ನು ಒಂದೇ ವೇಳಾಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ಅವು ಕೂಡಿಕೊಳ್ಳುವುದಿಲ್ಲ. ಅವು ಕೂಡಬೇಕಾದರೆ ಇಬ್ಬರು ಅಧ್ಯಾಪಕರೂ ಒಂದೇ ವಸ್ತುವಿನ ಮುಂದೆ ನಿಂತು ಪಾಠ ಹೇಳಬೇಕು.

ಇದಕ್ಕೆ ಹೊಸ ವೆಚ್ಚವಾಗಲಿ ಹೊಸ ಪದವಿಯಾಗಲಿ ಅವಶ್ಯವಿಲ್ಲ. ವರ್ಷಕ್ಕೆ ನಾಲ್ಕು ದಿನಗಳ ಸಂಚಾರವು ಸಾಕು. ಮೊದಲನೆಯ ದಿನ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ವೀರಗಲ್ಲನ್ನು ಭೂಗರ್ಭಶಾಸ್ತ್ರದ ವಿದ್ಯಾರ್ಥಿಗಳು ಶಿಲೆಯೆಂದೂ ಚರಿತ್ರೆಯ ವಿದ್ಯಾರ್ಥಿಗಳು ಶಾಸನವೆಂದೂ ವರ್ಣಿಸಿ, ಬರೆದುದನ್ನು ಪರಸ್ಪರ ಬದಲಾಯಿಸಿಕೊಳ್ಳಲಿ. ಎರಡನೆಯ ದಿನ ಹಲಸೂರಿನಲ್ಲಿ ಕೆರೆಯ ಏರಿ, ಕೋಡಿಗಳನ್ನು ಅಳೆದು ದೇವಾಲಯದ ಗೋಡೆಗಳ ಪೂರ್ವಾಪರವನ್ನು ನಿರ್ಣಯಿಸಲಿ. ಮೂರನೆಯ ದಿನ ದೊಮ್ಮಲೂರಿನಲ್ಲಿ ಕಲ್ಲಿನ ಕಣವನ್ನೂ ಶಿಲ್ಪದ ರೀತಿಯನ್ನೂ ಜೊತೆಯಾಗಿ ಪರೀಕ್ಷಿಸಲಿ. ನಾಲ್ಕನೆಯ ದಿನ ವಿಭೂತಿಪುರ ಕಾಡುಗೋಡಿಗಳಲ್ಲಿ ಶಾಸನವು ಹೇಳುವ ಕೆರೆಯನ್ನು ಈಗಿನ ನೆಲದ ಮೇಲೆ ಗುರುತಿಸಿ, ಅದರ ಅಚ್ಚುಕಟ್ಟು ಎಲ್ಲಿದ್ದಿತೆಂದು ನಕ್ಷೆಯಲ್ಲಿ ಬರೆಯಲಿ. ಸಾಹಿತ್ಯದ ಅಧ್ಯಾಪಕರು ಜೊತೆಗಿದ್ದರೆ ತೂಬು, ಬಿತ್ತುವಟ್ಟ ಮೊದಲಾದ ಮಾತುಗಳಿಗೆ ನಿಘಂಟಿನ ಅರ್ಥದೊಡನೆ ನೆಲದ ಅರ್ಥವೂ ಕೂಡುವುದು.

೯. ಉಪಸಂಹಾರ

ಈ ಕಾರ್ಯಕ್ಕೆ ಬಹಳ ಕಾಲಾವಕಾಶವಿಲ್ಲ. ರೈಸರ ಸಂಪುಟವು ಪ್ರಕಟವಾಗಿ ಒಂದು ಶತಮಾನವು ಮೀರಿತು. ಅಂದು ಹೊಲದ ಬದುವಿನಲ್ಲಿಯೂ ಕೆರೆಯ ಏರಿಯಲ್ಲಿಯೂ ನಿಂತಿದ್ದ ಕಲ್ಲುಗಳಲ್ಲಿ ಹಲವು ರಸ್ತೆ, ಚರಂಡಿ, ಮನೆಗಳ ಕೆಲಸದಲ್ಲಿ ಹೂತುಹೋದುವು ಅಥವಾ ಒಡೆದುಹೋದುವು. ಮಿಥಿಕ್ ಸೊಸೈಟಿಯು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳ ಗಣಕಚಿತ್ರಗಳಾಗಿ ಸಂರಕ್ಷಿಸುವ ಕಾರ್ಯವನ್ನು ಕೈಕೊಂಡಿರುವು‌ದು ಶ್ಲಾಘ್ಯವಾದುದು. ಅದರಿಂದ ಸವೆದ ಅಕ್ಷರಗಳೂ ಓದಲು ದೊರೆಯುತ್ತಿವೆ. ಆದರೆ ಚಿತ್ರವು ಬರಹವನ್ನು ಉಳಿಸುವುದಲ್ಲದೆ ಕಲ್ಲು ನಿಂತಿದ್ದ ಸ್ಥಳವನ್ನು ಉಳಿಸಲಾರದು. ಕೆರೆಯ ಶಾಸನವು ಕೆರೆಯ ಬಳಿಯಲ್ಲಿ ನಿಂತಿರುವಾಗಲೇ ಅದರ ಅರ್ಥವು ಪೂರ್ಣವಾಗುವುದು.

ಒಂದು ಕಲ್ಲನ್ನು ಕಾಪಾಡುವವರು ಅದು ಏನೆಂದು ಬಲ್ಲವರಾಗಿರಬೇಕು. ಕೃಷ್ಣರಾಜಪುರದ ಅಥವಾ ಇಂದಿರಾನಗರದ ಮನೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯು ತನ್ನ ದಾರಿಯ ಪಕ್ಕದಲ್ಲಿ ಬಿದ್ದಿರುವ ಚಪ್ಪಡಿಯ ವಯಸ್ಸನ್ನೂ ಅದರ ಮೇಲಿನ ಬರಹದ ವಯಸ್ಸನ್ನೂ ಹೇಳಬಲ್ಲವನಾದರೆ, ಅದನ್ನು ಚರಂಡಿಯ ಮುಚ್ಚಳವಾಗಿ ಹಾಸಲು ಬಂದವರನ್ನು ತಡೆಯುವನು. ಅಧ್ಯಾಪಕ ಮಹಾಶಯರು ತಮ್ಮ ತಮ್ಮ ಕಾಲೇಜಿಗೆ ಅತ್ಯಂತ ಸಮೀಪವಾದ ಒಂದು ಶಾಸನವನ್ನೂ ಒಂದು ಬಂಡೆಯನ್ನೂ ಆರಿಸಿಕೊಂಡು ಈ ವರ್ಷವೇ ಆರಂಭಿಸಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇನೆ.